ಹಾಲಿನ ಲೆಕ್ಕದಿಂದ ಕಲಿತ ಇನ್‌ಪುಟ್

ನಮ್ಮ ಮನೆಯಲ್ಲಿ ಎರಡು ಹಸು ಇವೆ. ಬೆಳಿಗ್ಗೆ, ಸಂಜೆ ಡೇರಿಗೆ ಹಾಕಿದ ಹಾಲನ್ನು ಅಮ್ಮ ಕ್ಯಾಲೆಂಡರ್ ಮೇಲೆ ಬರೆದಿಡುತ್ತಾಳೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿದಾಗ ನಾನು ಬರೆದ ಮೊದಲ ಪ್ರೋಗ್ರಾಂ ಆ ಲೆಕ್ಕ ಕೂಡಿಸಲಿಕ್ಕೇ.

ಬೆಳಿಗ್ಗೆ 4, ಸಂಜೆ 5 ಅಂತ ಟೈಪ್ ಮಾಡಿದೆ. 9 ಬರಬೇಕಿತ್ತು, ಬಂದಿದ್ದು 45. ಕೂಡಿಸುವ ಸಾಲನ್ನು ತುಂಬಾ ಹೊತ್ತು ನೋಡಿದೆ. ಅಲ್ಲಿ ತಪ್ಪೇನೂ ಇರಲಿಲ್ಲ. ಕೊನೆಗೆ, ಮೌಲ್ಯ ಯಾವ ಬಗೆಯದು ಅಂತ ಹೇಳುವ ಟೈಪ್ ಫಂಕ್ಷನ್ ಹಾಕಿ ನೋಡಿದಾಗ ಎರಡೂ ಸಂಖ್ಯೆಯಲ್ಲ, ಸ್ಟ್ರಿಂಗ್ (ಅಕ್ಷರಗಳ ಸಾಲು) ಅಂತ ಗೊತ್ತಾಯಿತು. ಪೈಥಾನ್ 3ರಲ್ಲಿ ನಾವು ಏನೇ ಒತ್ತಿದರೂ ಇನ್‌ಪುಟ್ ಫಂಕ್ಷನ್ ಅದನ್ನು ಅಕ್ಷರಗಳ ಸಾಲಾಗಿಯೇ ಕೊಡುತ್ತದೆ. ಎರಡು ಸ್ಟ್ರಿಂಗ್ ನಡುವೆ ಪ್ಲಸ್ ಹಾಕಿದರೆ ಪಕ್ಕಪಕ್ಕ ಅಂಟುತ್ತವೆ, ಅಷ್ಟೇ. ಈಗಲೂ ಉತ್ತರ ವಿಚಿತ್ರವಾಗಿ ಬಂದರೆ ಮೊದಲು ಟೈಪ್ ನೋಡುತ್ತೇನೆ.

ಸ್ಟ್ರಿಂಗನ್ನು ಪೂರ್ಣಾಂಕ ಮಾಡುವ ಇಂಟ್ ಹಾಕಿದೆ, 9 ಬಂತು. ಮರುದಿನ 4.5 ಕೊಟ್ಟರೆ ವ್ಯಾಲ್ಯೂ ಎರರ್! ಚುಕ್ಕಿಯ ಮುಂದಿನದನ್ನು ಕತ್ತರಿಸಿ 4 ಕೊಡುತ್ತದೆ ಅಂದುಕೊಂಡಿದ್ದೆ. 4.5 ಸಂಖ್ಯೆಯಾಗಿದ್ದರೆ ಇಂಟ್ ಹಾಗೇ ಮಾಡುತ್ತದೆ, ಸ್ಟ್ರಿಂಗ್ ಆಗಿದ್ದರೆ ಒಪ್ಪುವುದಿಲ್ಲ. ಒಳ್ಳೆಯದೇ ಆಯ್ತು. ಇಲ್ಲದಿದ್ದರೆ ದಿನಾ ಅರ್ಧ ಲೀಟರ್ ಸದ್ದಿಲ್ಲದೆ ಲೆಕ್ಕದಿಂದ ಹೋಗುತ್ತಿತ್ತು. ಇಂಟ್ ತೆಗೆದು, ದಶಮಾಂಶ ಸಂಖ್ಯೆ ಮಾಡುವ ಫ್ಲೋಟ್ ಹಾಕಿದೆ.

ಆಮೇಲೆ ಅಮ್ಮನನ್ನೇ ಕೂರಿಸಿದೆ. ಹದಿನಾರು ದಿನದ ಲೆಕ್ಕ ಚೆನ್ನಾಗಿ ಹಾಕಿದಳು. ಹದಿನೇಳನೇ ದಿನಕ್ಕೆ '4.5 ಲೀ' ಅಂತ ಒತ್ತಿದಳು. ಪ್ರೋಗ್ರಾಂ ಅಲ್ಲೇ ನಿಂತಿತು, ಹಾಕಿದ್ದೆಲ್ಲ ಹೋಯಿತು. "ನಾನೇನಾದ್ರೂ ಕೆಡಿಸ್ಬಿಟ್ನೇನಪ್ಪಾ?" ಅಂದಳು. ನನಗೆ ತುಂಬಾ ಬೇಜಾರಾಯಿತು. ಅವಳು ಬರೆದದ್ದು ಸರಿಯಾಗೇ ಇತ್ತು, ಅದನ್ನು ಓದಲು ನಾನು ಪ್ರೋಗ್ರಾಂಗೆ ಕಲಿಸಿರಲಿಲ್ಲ.

ಅವತ್ತು ರಾತ್ರಿ ಫ್ಲೋಟ್ ಸಾಲನ್ನು ಟ್ರೈ ಒಳಗಿಟ್ಟೆ. ಅಲ್ಲಿ ಎರರ್ ಬಂದರೆ ಪ್ರೋಗ್ರಾಂ ನಿಲ್ಲದೆ ಎಕ್ಸೆಪ್ಟ್ ಭಾಗಕ್ಕೆ ಹೋಗುತ್ತದೆ. ಎಕ್ಸೆಪ್ಟ್‌ನಲ್ಲಿ "ಬರೀ ಅಂಕಿ ಹಾಕಿ, ಉದಾಹರಣೆಗೆ 4.5" ಅಂತ ಹೇಳಿ ಮತ್ತೆ ಕೇಳಿಸಿದೆ. ಸರಿಯಾದ ಸಂಖ್ಯೆ ಬರುವವರೆಗೂ ವೈಲ್ ಲೂಪ್ ಸುತ್ತುತ್ತದೆ. 'ಲೀ' ಇದ್ದರೆ ಮೊದಲೇ ರಿಪ್ಲೇಸ್‌ನಿಂದ ತೆಗೆದುಬಿಡುತ್ತೇನೆ. ಪ್ರತಿ ದಿನದ ಲೆಕ್ಕ ಹಾಕಿದ ತಕ್ಷಣ ಫೈಲಿಗೆ ಹೋಗುತ್ತದೆ. ಇನ್ನೊಂದು ಮುಖ್ಯ ವಿಷಯ: ಸಂಖ್ಯೆಯಾಗಿ ಬದಲಾಯಿತು ಅಂದ ಮಾತ್ರಕ್ಕೆ ಅದು ಸರಿ ಅಂತಲ್ಲ. ಚುಕ್ಕಿ ಮರೆತರೆ 4.5 ಹೋಗಿ 45 ಆಗುತ್ತದೆ, ಫ್ಲೋಟ್‌ಗೆ ಅದೂ ಸರಿಯೇ. ನಮ್ಮ ಹಸುಗಳು ಒಂದು ಹೊತ್ತಿಗೆ 45 ಲೀಟರ್ ಕೊಡುವುದಿಲ್ಲ ಅಲ್ವಾ? 15 ದಾಟಿದರೆ "ಇದು ಸರಿನಾ?" ಅಂತ ಕೇಳುವಂತೆ ಮಾಡಿದೆ.

ಒಂದು ದಿನ ಕೀಬೋರ್ಡ್ ಕನ್ನಡದಲ್ಲೇ ಇತ್ತು. ಅಮ್ಮ ೪.೫ ಅಂತ ಒತ್ತಿದಳು. ಎರರ್ ಬರುತ್ತದೆ ಅಂತ ಕಾದೆ. ಬರಲಿಲ್ಲ, ಫ್ಲೋಟ್ ಅದನ್ನು 4.5 ಅಂತಲೇ ತಗೊಂಡಿತು! ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ೦ಯಿಂದ ೯ರವರೆಗಿನ ಕನ್ನಡ ಅಂಕಿಗಳು ದಶಮಾನ ಅಂಕಿಗಳೆಂದೇ ಗುರುತಾಗಿವೆ. ಇಂಟ್, ಫ್ಲೋಟ್ ಎರಡಕ್ಕೂ ಅವು ಗೊತ್ತು. ಸೊನ್ನೆಯ ಬದಲು ಅದರಂತೇ ಕಾಣುವ ಅನುಸ್ವಾರ ಒತ್ತಿದರೆ ಮಾತ್ರ ಎರರ್ ಬರುತ್ತದೆ. ಅದಕ್ಕೂ ಒಂದು ರಿಪ್ಲೇಸ್ ಸೇರಿಸಿದೆ.

ಮುಂದಿನ ತಿಂಗಳ ಮೂವತ್ತೂ ದಿನದ ಲೆಕ್ಕವನ್ನು ಅಮ್ಮ ಒಬ್ಬಳೇ ಕೂತು ಹಾಕಿದಳು.