ಬ್ಲ್ಯಾಕ್‌ಜ್ಯಾಕ್ ಟೇಬಲ್‌ನಲ್ಲಿ ಡೀಲರ್‌ಗೆ ಟಿಪ್ಸ್ ಕೊಡುವ ಕ್ರಮ

ಯಾವ ಇಸ್ಪೀಟ್ ಎಲೆ ಬಂದರೆ ಯಾವ ನಿರ್ಧಾರ ತೆಗೆದುಕೊಳ್ಳಬೇಕು ಎಂಬ ಕೋಷ್ಟಕವನ್ನು ಬಾಯಿಪಾಠ ಮಾಡಿಕೊಂಡು ಕ್ಯಾಸಿನೊದಲ್ಲಿ ಬ್ಲ್ಯಾಕ್‌ಜ್ಯಾಕ್ ಎಂಬ ಎಲೆಯಾಟ ಆಡಲು ಕೂರುವವರೂ, ಎಲೆ ಹಂಚುವ ಡೀಲರ್‌ಗೆ ಟಿಪ್ಸ್ ಕೊಡುವ ಹೊತ್ತು ಬಂದಾಗ ತಡವರಿಸುತ್ತಾರೆ. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು, ಹಣದ ಬದಲಿಗೆ ಬಳಸುವ ಬಿಲ್ಲೆಯನ್ನು, ಅಂದರೆ ಚಿಪ್ ಅನ್ನು, ಎಲ್ಲಿ ಇಡಬೇಕು, ಸೋತ ದಿನವೂ ಕೊಡಬೇಕೇ ಎಂಬುದನ್ನು ಅಲ್ಲಿ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಈ ಪದ್ಧತಿ ಗಟ್ಟಿಯಾಗಿ ಬೇರೂರಿರುವುದು ಅಮೆರಿಕದ ಕ್ಯಾಸಿನೊಗಳಲ್ಲಿ. ಆದ್ದರಿಂದ ಇಲ್ಲಿ ಹೇಳುವ ರೂಢಿಗಳೂ ಲೆಕ್ಕಗಳೂ ಅಲ್ಲಿನವು. ಬೇರೆ ದೇಶದಲ್ಲಿ ಆಡುವವರು ಕೂರುವ ಮೊದಲೇ ಅಲ್ಲಿನ ನಿಯಮವನ್ನು ವಿಚಾರಿಸಿಕೊಳ್ಳಬೇಕು. ಆಸ್ಟ್ರೇಲಿಯಾದಲ್ಲಿ ಡೀಲರ್‌ಗಳು ಆಟಗಾರರಿಂದ ಟಿಪ್ಸ್ ಸ್ವೀಕರಿಸುವಂತಿಲ್ಲ. ಅಲ್ಲಿ ಒಳ್ಳೆಯ ಮನಸ್ಸಿನಿಂದ ಚಿಪ್ ಮುಂದೆ ಸರಿಸಿದರೂ ಡೀಲರ್‌ಗೆ ಮುಜುಗರವಾಗುತ್ತದೆಯೇ ಹೊರತು ಉಪಕಾರವಾಗುವುದಿಲ್ಲ.

ಅಮೆರಿಕದ ಬಹಳಷ್ಟು ಕ್ಯಾಸಿನೊಗಳಲ್ಲಿ ಡೀಲರ್‌ನ ಮೂಲ ಸಂಬಳ ಕಾನೂನು ಹೇಳುವ ಕನಿಷ್ಠ ವೇತನದ ಆಸುಪಾಸಿನಲ್ಲೇ ಇರುತ್ತದೆ; ಸಂಸಾರ ನಡೆಯುವುದು ಟಿಪ್ಸ್‌ನಿಂದ. ಆ ಕಸುಬಿನವರು ಇದನ್ನು ‘ಟೋಕ್’ ಎನ್ನುತ್ತಾರೆ. ನೀವು ಕೊಟ್ಟ ಚಿಪ್ ನಿಮ್ಮೆದುರು ನಿಂತ ಡೀಲರ್‌ನ ಜೇಬಿಗೆ ನೇರವಾಗಿ ಹೋಗುವುದಿಲ್ಲ. ಹೆಚ್ಚಿನ ಕಡೆ ಎಲ್ಲ ಡೀಲರ್‌ಗಳ ಟಿಪ್ಸ್ ಅನ್ನೂ ಒಟ್ಟುಗೂಡಿಸಿ, ಅವರವರು ದುಡಿದ ಗಂಟೆಗಳಿಗೆ ತಕ್ಕಂತೆ ಹಂಚುತ್ತಾರೆ. ಕೆಲವು ಕಡೆ ಮಾತ್ರ ಅವರವರದು ಅವರವರಿಗೆ. ಈ ಹಂಚಿಕೆ ಅವರಿಗೆ ಎಷ್ಟು ಮುಖ್ಯವೆಂದರೆ, 2006ರಲ್ಲಿ ‘ವಿನ್ ಲಾಸ್ ವೇಗಸ್’ ಕ್ಯಾಸಿನೊ ಮೇಲ್ವಿಚಾರಕರಿಗೂ ಅದರಲ್ಲಿ ಪಾಲು ಕೊಡುವ ಪದ್ಧತಿ ತಂದಾಗ ಡೀಲರ್‌ಗಳು ಅದರ ವಿರುದ್ಧ ವರ್ಷಗಟ್ಟಲೆ ಕಾನೂನು ಹೋರಾಟ ನಡೆಸಿದರು.

ಕೊಡುವ ರೀತಿಯಲ್ಲಿ ಮೊದಲು ಕಲಿಯಬೇಕಾದದ್ದು ಒಂದೇ: ಯಾವುದನ್ನೂ ಕೈಯಿಂದ ಕೈಗೆ ಕೊಡಬಾರದು. ಟೇಬಲ್‌ನ ಮೇಲಿರುವ ಕ್ಯಾಮೆರಾಕ್ಕೆ ಪ್ರತಿ ಚಿಪ್‌ನ ಓಡಾಟವೂ ಕಾಣಬೇಕು ಎಂಬುದು ಕ್ಯಾಸಿನೊದ ನಿಯಮ. ಆದ್ದರಿಂದ ಚಿಪ್ ಅನ್ನು ನಿಮ್ಮ ಪಣದ ವೃತ್ತದಿಂದ ದೂರಕ್ಕೆ, ಡೀಲರ್ ಕಡೆಗೆ ಬಟ್ಟೆಯ ಮೇಲೆ ಸರಿಸಿ ಇಟ್ಟು, ‘ಇದು ನಿಮಗೆ’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದೆ ಇಟ್ಟರೆ ಅದು ಪಣವೋ, ಚಿಲ್ಲರೆ ಕೇಳಲು ಇಟ್ಟದ್ದೋ ಎಂಬುದು ಡೀಲರ್‌ಗೆ ತಿಳಿಯುವುದಿಲ್ಲ. ಆಮೇಲೆ ನಡೆಯುವುದನ್ನು ಗಮನಿಸಿ ನೋಡಿ: ಡೀಲರ್ ಆ ಚಿಪ್ ಅನ್ನು ಎತ್ತಿ, ಅದರ ಅಂಚಿನಿಂದ ಚಿಪ್ ತಟ್ಟೆಯ ಮೇಲೋ ಟೇಬಲ್‌ನ ಮೇಲೋ ಟಕ್ ಟಕ್ ಎಂದು ತಟ್ಟಿ, ಪಕ್ಕದಲ್ಲಿರುವ ಬೀಗ ಹಾಕಿದ ಪೆಟ್ಟಿಗೆಯ ಸೀಳಿನೊಳಗೆ ಬಿಡುತ್ತಾರೆ. ಆ ಸದ್ದು ನಿಮಗೆ ಹೇಳುವ ಧನ್ಯವಾದವಷ್ಟೇ ಅಲ್ಲ. ಈ ಚಿಪ್ ಕ್ಯಾಸಿನೊದ್ದಲ್ಲ, ಟಿಪ್ಸ್ ಎಂದು ಮೇಲ್ವಿಚಾರಕರಿಗೆ ತಿಳಿಸುವ ಸೂಚನೆಯೂ ಹೌದು.

ಎರಡನೆಯ ದಾರಿ ಡೀಲರ್ ಪರವಾಗಿ ಪಣ ಇಡುವುದು. ಎಲೆ ಹಂಚುವ ಮುನ್ನವೇ ನಿಮ್ಮ ಪಣದ ವೃತ್ತದ ಹೊರಗೆ, ಡೀಲರ್ ಕಡೆಯ ಅಂಚಿನಲ್ಲಿ ಒಂದು ಚಿಪ್ ಇಟ್ಟು ಅದು ಅವರದೆಂದು ಹೇಳಿ. ಎಲೆ ಬಿದ್ದ ಮೇಲೆ ಪಣವನ್ನು ಮುಟ್ಟುವಂತಿಲ್ಲವಾದ್ದರಿಂದ ಇದು ಮೊದಲೇ ಆಗಬೇಕು. ನೀವು ಗೆದ್ದರೆ ಅದಕ್ಕೂ ಗೆಲುವಿನ ಹಣ ಸೇರಿ, 5 ಡಾಲರ್ ಇಟ್ಟಲ್ಲಿ ಡೀಲರ್‌ಗೆ 10 ಸಿಗುತ್ತದೆ. ಸೋತರೆ ಎರಡೂ ಕ್ಯಾಸಿನೊದ ತಟ್ಟೆಗೆ ಸೇರುತ್ತವೆ. ನೀವು ಪಣವನ್ನು ಇಮ್ಮಡಿ ಮಾಡಿದಾಗ ಡೀಲರ್‌ನ ಪಣವನ್ನೂ ಇಮ್ಮಡಿ ಮಾಡಬಹುದು, ಆದರೆ ಅದು ನಿಮ್ಮ ಇಷ್ಟ, ಯಾರೂ ಒತ್ತಾಯಿಸುವುದಿಲ್ಲ.

ಆಗಲೇ ಬಿದ್ದ ಎಲೆಗಳ ಲೆಕ್ಕವಿಟ್ಟು ಆಡುವ ನುರಿತವರು ಇದನ್ನೇ ಸ್ವಲ್ಪ ಬೇರೆ ರೀತಿ ಮಾಡುತ್ತಾರೆ. ಚಿಪ್ ಅನ್ನು ವೃತ್ತದ ಹೊರಗಿಡದೆ ತಮ್ಮ ಪಣದ ಮೇಲೆಯೇ ಇಟ್ಟು, ‘ಮೇಲಿನದು ನಿಮ್ಮದು’ ಎನ್ನುತ್ತಾರೆ. ಹೊರಗಿಟ್ಟ ಚಿಪ್ ಗೆದ್ದರೆ ಡೀಲರ್ ಮೂಲ ಚಿಪ್ ಸಹಿತ ಎಲ್ಲವನ್ನೂ ತೆಗೆದುಕೊಳ್ಳುವುದು ವಾಡಿಕೆ. ಮೇಲಿಟ್ಟ ಚಿಪ್ ನಿಮ್ಮ ಪಣದ ಭಾಗವೇ ಆಗಿರುವುದರಿಂದ, ಗೆದ್ದ 5 ಡಾಲರ್ ಅನ್ನು ಮಾತ್ರ ಕೊಟ್ಟು ಮೂಲ ಚಿಪ್ ಅನ್ನು ಮುಂದಿನ ಕೈಗೂ, ಅಂದರೆ ಮುಂದಿನ ಸುತ್ತಿಗೂ, ಅಲ್ಲೇ ಉಳಿಸಬಹುದು. ಸೋಲುವವರೆಗೂ ಒಂದೇ ಚಿಪ್ ಮತ್ತೆ ಮತ್ತೆ ಕೊಡುತ್ತಾ ಹೋಗುತ್ತದೆ. ಹೀಗೆ ಡೀಲರ್ ಪರವಾಗಿ ಪಣ ಇಡುವುದರಲ್ಲಿ ಟೇಬಲ್‌ಗೆ ಒಂದು ಕಳೆ ಬರುತ್ತದೆ, ಡೀಲರ್ ನಿಮ್ಮ ಗೆಲುವಿಗೆ ಖುಷಿಪಡುತ್ತಾರೆ ಎಂಬುದು ನಿಜ. ಆದರೂ ಹಣ ಅವರಿಗೆ ತಲುಪಲೇಬೇಕು ಎಂಬುದು ನಿಮ್ಮ ಉದ್ದೇಶವಾಗಿದ್ದರೆ ನೇರವಾಗಿ ಕೊಡುವುದೇ ಸರಿ ಎಂದು ನನ್ನ ಅಭಿಪ್ರಾಯ, ಏಕೆಂದರೆ ಸೋತ ಚಿಪ್‌ನಿಂದ ಡೀಲರ್‌ಗೆ ಏನೂ ದಕ್ಕುವುದಿಲ್ಲ.

ಎಷ್ಟು ಕೊಡಬೇಕು ಎಂಬುದಕ್ಕೆ ನಿಗದಿಯಾದ ದರವಿಲ್ಲ. ಹೋಟೆಲಿನ ಬಿಲ್ಲಿನಂತೆ ಶೇಕಡಾವಾರು ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆದರೆ ನಿಮ್ಮ ಕಡೆಯ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು. ಕೈಗೆ 10 ಡಾಲರ್‌ನಂತೆ ಗಂಟೆಗೆ 70 ಕೈ ಆಡಿದರೆ ಒಟ್ಟು 700 ಡಾಲರ್ ಪಣಕ್ಕಿಟ್ಟಂತಾಗುತ್ತದೆ. ಒಳ್ಳೆಯ ನಿಯಮಗಳ ಟೇಬಲ್‌ನಲ್ಲಿ, ಕೋಷ್ಟಕದ ಪ್ರಕಾರವೇ ಆಡುವವರ ಮೇಲೆ ಕ್ಯಾಸಿನೊಗೆ ಇರುವ ಮೇಲುಗೈ ಸುಮಾರು ಶೇ. 0.5, ಅಂದರೆ ದೀರ್ಘಾವಧಿಯಲ್ಲಿ ಗಂಟೆಗೆ ಮೂರೂವರೆ ಡಾಲರ್ ನಷ್ಟ. ಅದೇ ಗಂಟೆಯಲ್ಲಿ 5 ಡಾಲರ್ ಟಿಪ್ಸ್ ಕೊಟ್ಟರೆ ಖರ್ಚು ಎಂಟೂವರೆಗೆ ಏರುತ್ತದೆ. ಗೆದ್ದ ಪ್ರತಿ ಕೈಗೂ ಒಂದೊಂದು ಡಾಲರ್ ಕೊಡುತ್ತಾ ಹೋದರೆ, 70ರಲ್ಲಿ ಸುಮಾರು 30 ಕೈ ಗೆಲ್ಲುತ್ತೀರಿ ಎಂದಿಟ್ಟುಕೊಂಡರೂ, 30 ಡಾಲರ್ ಆಗುತ್ತದೆ; ಆಟದ ನಷ್ಟಕ್ಕಿಂತ ಟಿಪ್ಸ್‌ನ ಖರ್ಚೇ ಎಂಟು ಪಟ್ಟಿಗೂ ಹೆಚ್ಚು. ಆದ್ದರಿಂದ ಪ್ರತಿ ಕೈಗೂ ಕೊಡುವ ಅಭ್ಯಾಸ ಸಣ್ಣ ಪಣದ ಆಟಗಾರರಿಗೆ ಹೊಂದುವುದಿಲ್ಲ. ಗಂಟೆಗೆ ಒಂದೆರಡು ಬಾರಿ ತಮ್ಮ ಪಣದ ಅರ್ಧದಷ್ಟನ್ನೋ, ಬ್ಲ್ಯಾಕ್‌ಜ್ಯಾಕ್ (ಮೊದಲ ಎರಡೇ ಎಲೆಗಳಲ್ಲಿ 21) ಬಂದಾಗ ಒಂದು ಸಣ್ಣ ಚಿಪ್ ಅನ್ನೋ ಕೊಟ್ಟರೆ ಅದು ಮರ್ಯಾದೆಯ ಮೊತ್ತ. ಆ ಹಣವನ್ನು ಆಡಲು ತಂದ ದುಡ್ಡಿನಿಂದ ಮೊದಲೇ ಬೇರೆ ತೆಗೆದಿಟ್ಟರೆ ಆಮೇಲೆ ಕೈ ಹಿಂದೇಟು ಹಾಕುವುದಿಲ್ಲ, ಉತ್ಸಾಹದಲ್ಲಿ ಅತಿಯಾಗುವುದೂ ಇಲ್ಲ.

ಉಳಿತಾಯ ಮಾಡಬೇಕೆನ್ನುವವರು ಟಿಪ್ಸ್‌ಗೆ ಕತ್ತರಿ ಹಾಕುವ ಮೊದಲು ಟೇಬಲ್‌ನ ಬಟ್ಟೆಯ ಮೇಲೆ ಬರೆದದ್ದನ್ನು ಓದಬೇಕು. ಬ್ಲ್ಯಾಕ್‌ಜ್ಯಾಕ್‌ಗೆ 2ಕ್ಕೆ 3ರಂತೆ ಕೊಡುವ ಟೇಬಲ್‌ನಲ್ಲಿ 10 ಡಾಲರ್ ಪಣಕ್ಕೆ 15 ಬರುತ್ತದೆ. 5ಕ್ಕೆ 6ರಂತೆ ಕೊಡುವಲ್ಲಿ 12 ಮಾತ್ರ. ಸುಮಾರು 21 ಕೈಗೊಮ್ಮೆ ಬ್ಲ್ಯಾಕ್‌ಜ್ಯಾಕ್ ಬೀಳುತ್ತದೆಯಾದ್ದರಿಂದ 70 ಕೈಗಳ ಆ ಒಂದು ಗಂಟೆಯಲ್ಲಿ 9 ಡಾಲರ್‌ಗೂ ಹೆಚ್ಚು ಹಣ ಸದ್ದಿಲ್ಲದೆ ಸೋರಿಹೋಗುತ್ತದೆ. ಡೀಲರ್‌ಗೆ 5 ಡಾಲರ್ ಕೊಡಲು ಯೋಚಿಸುವವರೇ ಇಂಥ ಟೇಬಲ್‌ನಲ್ಲಿ ಗಂಟೆಗಟ್ಟಲೆ ಕೂತಿರುವುದನ್ನು ಕಂಡಾಗ ನಿಜಕ್ಕೂ ಬೇಸರವಾಗುತ್ತದೆ.

ಡೀಲರ್‌ಗಳು ಒಂದೇ ಟೇಬಲ್‌ನಲ್ಲಿ ದಿನವಿಡೀ ನಿಲ್ಲುವುದಿಲ್ಲ. ಗಂಟೆಗೊಮ್ಮೆಯೋ ಇನ್ನೂ ಬೇಗನೆಯೋ ಮತ್ತೊಬ್ಬರು ಬಂದು ಭುಜ ಮುಟ್ಟುತ್ತಾರೆ. ಆಗ ಹೊರಡುವವರು ಎರಡೂ ಅಂಗೈಗಳನ್ನು ತಟ್ಟಿ, ತಿರುಗಿಸಿ, ಏನೂ ಹಿಡಿದಿಲ್ಲವೆಂದು ಕ್ಯಾಮೆರಾಕ್ಕೆ ತೋರಿಸುತ್ತಾರೆ. ಅಷ್ಟು ಹೊತ್ತಿಗೆ ಕೊಡಲು ತಡವಾಗಿರುತ್ತದೆ. ಆದ್ದರಿಂದ ಒಬ್ಬರ ಸೇವೆ ಮೆಚ್ಚಿದರೆ ಅವರು ಟೇಬಲ್‌ನಲ್ಲಿರುವಾಗಲೇ ಕೊಡಿ. ಸೋತಾಗಲೂ ಕೊಡಬೇಕೇ ಎಂದರೆ, ಬಲವಂತವೇನಿಲ್ಲ. ಆದರೆ ಎಲೆ ಬೀಳುವುದು ಡೀಲರ್‌ನ ಕೈಯಲ್ಲಿಲ್ಲ. ಅವರ ಕೈಯಲ್ಲಿರುವುದು ಲೆಕ್ಕದ ನಿಖರತೆ, ತಾಳ್ಮೆ, ಹೊಸಬರಿಗೆ ನಿಯಮ ಬಿಡಿಸಿ ಹೇಳುವ ಸೌಜನ್ಯ. ಅವು ಸಿಕ್ಕಿದ್ದರೆ ಸೋತ ದಿನವೂ ಒಂದು ಚಿಪ್ ಸಲ್ಲಬೇಕು. ಒರಟಾಗಿ ನಡೆದುಕೊಂಡ ಡೀಲರ್‌ಗೆ ಕೊಡಬೇಕಾದ ಹಂಗು ಯಾರಿಗೂ ಇಲ್ಲ.

ಚಿಪ್ ಅನ್ನು ಎಸೆಯಬಾರದು. ‘ಈ ಕೈ ಗೆಲ್ಲಿಸಿದರೆ ಕೊಡುತ್ತೇನೆ’ ಎಂದು ಆಸೆ ತೋರಿಸುವುದು ದುಡಿಯುವವರಿಗೆ ಮಾಡುವ ಅವಮಾನ. ಕ್ಯಾಸಿನೊ ಉಚಿತವಾಗಿ ಕೊಟ್ಟ, ನಗದಾಗಿ ಮಾರ್ಪಡದ ಪ್ರಚಾರದ ಚಿಪ್‌ಗಳು ಟಿಪ್ಸ್ ಆಗುವುದಿಲ್ಲ. ಪಕ್ಕದವರು ಎಷ್ಟು ಕೊಟ್ಟರು, ಕೊಡಲಿಲ್ಲ ಎಂಬುದರ ಬಗ್ಗೆ ಮಾತಾಡುವುದು ಸಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ಟಿಪ್ಸ್‌ಗೆ ಪ್ರತಿಯಾಗಿ ಆಟದಲ್ಲಿ ಯಾವ ಸಹಾಯವನ್ನೂ ನಿರೀಕ್ಷಿಸಬಾರದು. ಮುಚ್ಚಿಟ್ಟ ಎಲೆಯನ್ನು ತೋರಿಸುವಂತೆ ಡೀಲರ್ ಜೊತೆ ಒಳಒಪ್ಪಂದ ಮಾಡಿಕೊಳ್ಳುವುದು ಅಪರಾಧ. ಅವರ ಕೆಲಸ ಹೋಗುತ್ತದೆ, ಇಬ್ಬರ ಮೇಲೂ ಮೊಕದ್ದಮೆ ಬೀಳಬಹುದು.

ಪಾನೀಯ ತಂದುಕೊಡುವವರಿಗೆ ಒಂದು ಡಾಲರ್‌ನ ಚಿಪ್ ಅನ್ನು ಅವರ ತಟ್ಟೆಯ ಮೇಲೆ ಇಡುವುದು ರೂಢಿ. ಟೇಬಲ್‌ಗಳ ಉಸ್ತುವಾರಿ ನೋಡುವ ಮೇಲ್ವಿಚಾರಕರಿಗೆ ಆಟಗಾರರು ಕೊಡುವ ವಾಡಿಕೆಯಿಲ್ಲ.

ಆಟ ಮುಗಿಸಿ ಏಳುವಾಗ ಸಣ್ಣ ಚಿಪ್‌ಗಳನ್ನೆಲ್ಲ ಮುಂದೆ ಸರಿಸಿ ದೊಡ್ಡ ಚಿಪ್ ಕೇಳಬೇಕು. ಒಂದು ಕೈ ಮುಗಿದು ಮುಂದಿನದು ಶುರುವಾಗುವ ನಡುವೆಯೇ ಕೇಳಬೇಕು. ಡೀಲರ್ ಅವುಗಳನ್ನು ಸಮನಾದ ಸಾಲುಗಳಲ್ಲಿ ಜೋಡಿಸಿ, ಮೇಲ್ವಿಚಾರಕರಿಗೆ ಮೊತ್ತವನ್ನು ಕೂಗಿ ಹೇಳಿ, ಬದಲಿ ಚಿಪ್ ನಿಮ್ಮತ್ತ ತಳ್ಳುತ್ತಾರೆ. 137 ಡಾಲರ್ ಇದ್ದರೆ 100ರದು ಒಂದು, 25ರದು ಒಂದು, 5ರವು ಎರಡು, ಕೊನೆಗೆ ಒಂದು ಡಾಲರ್‌ನ ಎರಡು ಬಿಡಿ ಚಿಪ್ ಬರುತ್ತವೆ. ಸಂಜೆಯಿಡೀ ಏನೂ ಕೊಟ್ಟಿರದಿದ್ದರೆ 5ರದೊಂದನ್ನು, ಮೊದಲೇ ಕೊಟ್ಟಿದ್ದರೆ ಆ ಎರಡು ಬಿಡಿ ಚಿಪ್‌ಗಳನ್ನು ಅಲ್ಲೇ ಬಟ್ಟೆಯ ಮೇಲೆ ಡೀಲರ್ ಕಡೆಗೆ ಸರಿಸಿ, ‘ನಿಮಗೆ’ ಎಂದು ಹೇಳಿ ಎದ್ದುಬರಬಹುದು.