ಎಕ್ಸೆಲ್ ಪಟ್ಟಿ: ಬೇಕಾದಷ್ಟೇ ಪ್ರಿಂಟ್ ತೆಗೆಯುವುದು ಹೇಗೆ?

ಹೋದ ವರ್ಷ ನಮ್ಮ ಬೀದಿ ಗಣೇಶನ ಚಂದಾ ಲೆಕ್ಕ ನನ್ನ ತಲೆಗೆ ಬಂತು. 212 ಮನೆ. ಕ್ರಮಸಂಖ್ಯೆ, ಹೆಸರು, ಮನೆ ನಂಬರ್, ಫೋನ್, ರಸೀದಿ ನಂಬರ್, ಮೊತ್ತ, ಕೊನೆಗೊಂದು ಷರಾ. ಎಲ್ಲವನ್ನೂ ಎಕ್ಸೆಲ್‌ನಲ್ಲಿ ನೀಟಾಗಿ ತುಂಬಿಸಿ, ಪೆಂಡಾಲಿನ ಬೋರ್ಡಿಗೆ ಅಂಟಿಸೋಣ ಅಂತ ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋದೆ. ಹುಡುಗ ಫೈಲ್ ತೆರೆದ, ಕಂಟ್ರೋಲ್ ಪಿ ಒತ್ತಿದ, ಎಂಟರ್ ಹೊಡೆದ. 6 ಹಾಳೆ ಬರಬೇಕಾದಲ್ಲಿ 12 ಬಂತು. ಮೊದಲ ಆರರಲ್ಲಿ ಹೆಸರು, ಮೊತ್ತ ಎಲ್ಲ ಇತ್ತು. ಮಿಕ್ಕ ಆರರಲ್ಲಿ ಬರೀ ಷರಾ. 'ಆಮೇಲೆ ಕೊಡ್ತಾರಂತೆ', 'ಮನೆಗೆ ಬೀಗ', 'ಮಗನ ಹತ್ರ ಕೇಳಿ'. ಯಾರು ಕೊಡ್ತಾರೆ, ಯಾರ ಮಗ, ಒಂದೂ ಗೊತ್ತಾಗುವಂತಿರಲಿಲ್ಲ!

ಹುಡುಗನದೇನೂ ತಪ್ಪಿಲ್ಲ. ಎಕ್ಸೆಲ್ ಶೀಟಿನಲ್ಲಿ 10,48,576 ಸಾಲು, 16,384 ಕಾಲಂ ಇರುತ್ತವೆ. ನಮ್ಮ ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ, ಅಷ್ಟೇ. ಅಗಲಕ್ಕೆ ಹಿಡಿಸದ ಕಾಲಂ ಅನ್ನು ಎಕ್ಸೆಲ್ ಕತ್ತರಿಸಿ ಪಕ್ಕಕ್ಕಿಡುತ್ತದೆ. ಮೊದಲು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಮುಗಿಸಿ, ಆಮೇಲೆ ಬಲಕ್ಕೆ ಉಳಿದದ್ದನ್ನು ಪ್ರಿಂಟ್ ಮಾಡುತ್ತದೆ. ಹಾಗಾಗಿಯೇ ನನ್ನ ಷರಾ ಏಳನೇ ಹಾಳೆಯಿಂದ ಶುರುವಾಗಿದ್ದು.

ಮೊದಲು ನೋಡಿ, ಆಮೇಲೆ ಒತ್ತಿ

ಕಂಟ್ರೋಲ್ ಪಿ ಒತ್ತಿದ ಕೂಡಲೇ ಬಲಗಡೆ ಹಾಳೆಯ ಚಿತ್ರ ಕಾಣುತ್ತದೆ. ಅದರ ಕೆಳಗೆ ಒಟ್ಟು ಎಷ್ಟು ಪುಟ ಅಂತ ಇರುತ್ತದೆ. ನಿಮ್ಮ ಅಂದಾಜಿಗಿಂತ ಜಾಸ್ತಿ ಇದ್ದರೆ ಅಲ್ಲೇ ನಿಲ್ಲಿಸಿ. ಎಡಗಡೆ ಸೆಟ್ಟಿಂಗ್ಸ್ ಅಡಿಯ ಮೊದಲ ಡಬ್ಬಿ ನೋಡಿ. ಅದರಲ್ಲಿ ಮೂರು ದಾರಿ ಇವೆ. 'ಪ್ರಿಂಟ್ ಆಕ್ಟಿವ್ ಶೀಟ್ಸ್' ಅಂದರೆ ಈಗ ತೆರೆದಿರುವ ಶೀಟ್. 'ಪ್ರಿಂಟ್ ಎಂಟೈರ್ ವರ್ಕ್‌ಬುಕ್' ಅಂದರೆ ಫೈಲಿನಲ್ಲಿರುವ ಎಲ್ಲ ಶೀಟುಗಳು. 'ಪ್ರಿಂಟ್ ಸೆಲೆಕ್ಷನ್' ಅಂದರೆ ನೀವು ಗುರುತು ಮಾಡಿದ ಭಾಗ ಮಾತ್ರ.

ಚಂದಾ ಒಂದು ಶೀಟು, ಖರ್ಚು ಇನ್ನೊಂದು ಶೀಟು, ಎರಡೂ ಒಟ್ಟಿಗೆ ಬೇಕು ಅಂತಿಟ್ಟುಕೊಳ್ಳಿ. ಕಂಟ್ರೋಲ್ ಹಿಡಿದುಕೊಂಡು ಪರದೆಯ ಕೆಳಗಿರುವ ಆ ಎರಡು ಶೀಟುಗಳ ಹೆಸರಿನ ಮೇಲೆ ಕ್ಲಿಕ್ ಮಾಡಿ, ಆಮೇಲೆ ಕಂಟ್ರೋಲ್ ಪಿ ಒತ್ತಿ 'ಆಕ್ಟಿವ್ ಶೀಟ್ಸ್' ಆರಿಸಿ. ಪ್ರಿಂಟ್ ಆದ ಮೇಲೆ ಬೇರೊಂದು ಶೀಟಿನ ಹೆಸರು ಒತ್ತಿ ಆ ಜೋಡಿ ಬಿಡಿಸಿಬಿಡಿ. ಮರೆತರೆ ಒಂದರಲ್ಲಿ ಟೈಪ್ ಮಾಡಿದ್ದು ಇನ್ನೊಂದರ ಅದೇ ಜಾಗದಲ್ಲೂ ಹೋಗಿ ಕೂರುತ್ತದೆ.

ಒಂದು ಭಾಗ ಮಾತ್ರ ಸಾಕು ಅಂದರೆ

ಮೊದಲ 50 ಮನೆ ಮಾತ್ರ ಬೇಕು ಅನ್ನಿ. ಮೊದಲ ಸೆಲ್ ಮೇಲೆ ಕ್ಲಿಕ್ ಮಾಡಿ, ಕೆಳಗೆ ಸರಿಸಿಕೊಂಡು ಹೋಗಿ, ಶಿಫ್ಟ್ ಹಿಡಿದು ಕೊನೆಯ ಸೆಲ್ ಒತ್ತಿ. ನಂತರ ಕಂಟ್ರೋಲ್ ಪಿ, 'ಪ್ರಿಂಟ್ ಸೆಲೆಕ್ಷನ್'. ಒಂದು ಸಲದ ಕೆಲಸಕ್ಕೆ ಇದು ಸಾಕು.

ಅದೇ ಭಾಗ ಮತ್ತೆ ಮತ್ತೆ ಬೇಕಾದರೆ, ಗುರುತು ಮಾಡಿ 'ಪೇಜ್ ಲೇಔಟ್' ಟ್ಯಾಬ್‌ಗೆ ಹೋಗಿ 'ಪ್ರಿಂಟ್ ಏರಿಯಾ', ಅದರಲ್ಲಿ 'ಸೆಟ್ ಪ್ರಿಂಟ್ ಏರಿಯಾ' ಒತ್ತಿ. ಫೈಲ್ ಸೇವ್ ಮಾಡಿದರೆ ಇದೂ ಅದರ ಜೊತೆ ಉಳಿಯುತ್ತದೆ. ಉಳಿಯುವುದೇ ತೊಂದರೆ ಕೂಡ. ನಾಳೆ ಪಟ್ಟಿಯ ಕೊನೆಗೆ ಹತ್ತು ಹೆಸರು ಸೇರಿಸಿದರೆ ಅವು ಏರಿಯಾದ ಹೊರಗೇ ಇರುತ್ತವೆ, ಪ್ರಿಂಟ್ ಆಗುವುದಿಲ್ಲ. 'ದುಡ್ಡು ಕೊಟ್ಟಿದೀನಿ, ನನ್ನ ಹೆಸರೇ ಇಲ್ವಲ್ಲ' ಅಂತ ಯಾರಾದರೂ ಬಂದರೆ ಮೊದಲು ಇದನ್ನೇ ನೋಡಿ. 'ಕ್ಲಿಯರ್ ಪ್ರಿಂಟ್ ಏರಿಯಾ' ಒತ್ತಿದರೆ ಮತ್ತೆ ಪೂರ್ತಿ ಶೀಟ್ ಬರುತ್ತದೆ.

ನಡುವಿನ ಕಾಲಂ ಬೇಡವೆಂದರೆ ಅಡಗಿಸಿಡಿ. ಊರಿನವರ ಫೋನ್ ನಂಬರ್ ಪೆಂಡಾಲಿನಲ್ಲಿ ತೂಗುಹಾಕುವುದು ಸರಿಯಲ್ಲ, ಅಲ್ವಾ? ಕಾಲಂ ಅಕ್ಷರದ ಮೇಲೆ ರೈಟ್ ಕ್ಲಿಕ್ ಮಾಡಿ 'ಹೈಡ್' ಅನ್ನಿ. ಅಡಗಿದ್ದು ಪ್ರಿಂಟ್ ಆಗುವುದಿಲ್ಲ. ಆದರೆ ಅದೇ ಎಕ್ಸೆಲ್ ಫೈಲನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ ಯಾರು ಬೇಕಾದರೂ 'ಅನ್‌ಹೈಡ್' ಮಾಡಿ ನೋಡಬಹುದು. ಫಿಲ್ಟರ್ ಹಾಕಿದಾಗಲೂ ಕಣ್ಣಿಗೆ ಕಾಣುವ ಸಾಲುಗಳಷ್ಟೇ ಹಾಳೆಗೆ ಬರುತ್ತವೆ. ಚಂದಾ ಬಾಕಿ ಇರುವವರ ಪಟ್ಟಿ ಹೀಗೆ ಸುಲಭವಾಗಿ ತೆಗೆಯಬಹುದು. ಅದನ್ನು ಮಾತ್ರ ಬೋರ್ಡಿಗೆ ಅಂಟಿಸಬೇಡಿ, ಹಬ್ಬದ ದಿನ ಜಗಳ ಆಗುತ್ತದೆ.

ಅಗಲಕ್ಕೆ ಹಿಡಿಸುವುದು

ನನ್ನ 12 ಹಾಳೆಯ ರೋಗಕ್ಕೆ ಮದ್ದು ಇಲ್ಲಿದೆ. ಪ್ರಿಂಟ್ ಪುಟದ ಸೆಟ್ಟಿಂಗ್ಸ್‌ನ ಕೊನೆಯಲ್ಲಿ 'ನೋ ಸ್ಕೇಲಿಂಗ್' ಅಂತ ಇರುತ್ತದೆ. ಅದನ್ನು ಒತ್ತಿ 'ಫಿಟ್ ಆಲ್ ಕಾಲಮ್ಸ್ ಆನ್ ಒನ್ ಪೇಜ್' ಆರಿಸಿ. ಎಲ್ಲ ಕಾಲಂ ಒಂದೇ ಹಾಳೆಯ ಅಗಲಕ್ಕೆ ಬರುತ್ತವೆ, ಸಾಲುಗಳು ಎಷ್ಟು ಹಾಳೆ ಬೇಕೋ ಅಷ್ಟಕ್ಕೆ ಹರಿಯುತ್ತವೆ. ಅದರ ಪಕ್ಕದಲ್ಲೇ ಇರುವ 'ಫಿಟ್ ಶೀಟ್ ಆನ್ ಒನ್ ಪೇಜ್' ಒತ್ತಬೇಡಿ. 212 ಸಾಲನ್ನೂ ಒಂದೇ ಹಾಳೆಗೆ ತುರುಕಿ ಇರುವೆ ಸಾಲು ಮಾಡಿಡುತ್ತದೆ.

ಅಕ್ಷರ ಇನ್ನೂ ಸಣ್ಣದು ಅನಿಸಿದರೆ 'ಲ್ಯಾಂಡ್‌ಸ್ಕೇಪ್' ಮಾಡಿ, ಮಾರ್ಜಿನ್ 'ನ್ಯಾರೋ' ಮಾಡಿ. ಹಾಳೆ 'ಲೆಟರ್' ಅಂತ ಇದ್ದರೆ ಎ4 ಮಾಡಿ. ಲೆಟರ್ ಅಮೆರಿಕದ ಅಳತೆ, ಎ4ಗಿಂತ ಅಗಲ ಜಾಸ್ತಿ, ಉದ್ದ ಕಮ್ಮಿ.

ಪ್ರತಿ ಹಾಳೆಗೂ ತಲೆಬರಹ

ಎರಡನೇ ಹಾಳೆಗೆ ಬರುವಷ್ಟರಲ್ಲಿ ಯಾವುದು ರಸೀದಿ ನಂಬರ್, ಯಾವುದು ಮೊತ್ತ ಅಂತ ಗೊಂದಲ ಆಗುತ್ತದೆ. 'ಪೇಜ್ ಲೇಔಟ್'ನಲ್ಲಿ 'ಪ್ರಿಂಟ್ ಟೈಟಲ್ಸ್' ಒತ್ತಿ. 'ರೋಸ್ ಟು ರಿಪೀಟ್ ಅಟ್ ಟಾಪ್' ಎಂಬ ಖಾನೆಯಲ್ಲಿ ಕರ್ಸರ್ ಇಟ್ಟು, ಶೀಟಿನ ಮೊದಲ ಸಾಲಿನ ಮೇಲೆ ಕ್ಲಿಕ್ ಮಾಡಿ, ಓಕೆ ಕೊಡಿ. ಇದನ್ನು ಕಂಟ್ರೋಲ್ ಪಿ ಪುಟದಿಂದ ತೆರೆದರೆ ಖಾನೆ ಮಸುಕಾಗಿರುತ್ತದೆ, ಏನೂ ಬರೆಯಲು ಬಿಡುವುದಿಲ್ಲ. ಇದು ಗೊತ್ತಾಗುವ ಮೊದಲು ನಾನು ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದೇನೆ.

ಪರದೆಯ ಮೇಲೆ ಕಾಣುವ ಬೂದು ಗೆರೆಗಳು ಕಾಗದಕ್ಕೆ ಬರುವುದಿಲ್ಲ. ಬೇಕಿದ್ದರೆ ಅದೇ ಟ್ಯಾಬ್‌ನಲ್ಲಿ 'ಗ್ರಿಡ್‌ಲೈನ್ಸ್' ಕೆಳಗೆ 'ಪ್ರಿಂಟ್' ಎಂಬಲ್ಲಿ ಟಿಕ್ ಹಾಕಿ.

ಮೊತ್ತದ ಜಾಗದಲ್ಲಿ ಹ್ಯಾಶ್ ಗುರುತುಗಳ ಸಾಲು ಕಂಡರೆ ಕಾಲಂ ಕಿರಿದಾಗಿದೆ ಅಂತ. ಕಾಲಂ ಅಕ್ಷರಗಳ ನಡುವಿನ ಗೆರೆ ಮೇಲೆ ಡಬಲ್ ಕ್ಲಿಕ್ ಮಾಡಿ. ಕನ್ನಡದಲ್ಲಿ ಬರೆದಾಗ ಇನ್ನೊಂದು ತಾಪತ್ರಯ: ಸಾಲಿನ ಎತ್ತರ ಕೈಯಾರೆ ಕಮ್ಮಿ ಮಾಡಿದ್ದರೆ ಒತ್ತಕ್ಷರದ ಬಾಲ ಕತ್ತರಿಸಿ ಹೋಗುತ್ತದೆ. 'ಪುಟ್ಟಣ್ಣ'ನವರು 'ಪುಟಣ' ಆಗಿಬಿಡುತ್ತಾರೆ. ಸಾಲಿನ ನಂಬರಿನ ಕೆಳಗಿನ ಗೆರೆ ಮೇಲೂ ಹಾಗೇ ಡಬಲ್ ಕ್ಲಿಕ್ ಮಾಡಿ.

ಪಟ್ಟಿ ಮುಗಿದ ಮೇಲೂ ಖಾಲಿ ಹಾಳೆ ಬರುತ್ತಿದ್ದರೆ ಕಂಟ್ರೋಲ್ ಎಂಡ್ ಒತ್ತಿ. ಕರ್ಸರ್ ಎಲ್ಲೋ 900ನೇ ಸಾಲಿಗೆ ಹಾರಿದರೆ, ಅಲ್ಲಿ ಯಾರೋ ಸುಮ್ನೆ ಒಂದು ಸ್ಪೇಸ್ ಒತ್ತಿರಬಹುದು, ಇಲ್ಲ ಬಾರ್ಡರ್ ಹಾಕಿರಬಹುದು. ಪಟ್ಟಿಯ ಕೆಳಗಿನ ಆ ಸಾಲುಗಳನ್ನು ಡಿಲೀಟ್ ಮಾಡಿ ಸೇವ್ ಮಾಡಿ.

ಗೂಗಲ್ ಶೀಟ್ಸ್ ಬಳಸುವವರಿಗೂ ಕಂಟ್ರೋಲ್ ಪಿ ಅದೇ. ಬೇಕಾದ ಭಾಗ ಮೊದಲೇ ಗುರುತು ಮಾಡಿಕೊಂಡು, ಅಲ್ಲಿ 'ಸೆಲೆಕ್ಟೆಡ್ ಸೆಲ್ಸ್' ಮತ್ತು 'ಫಿಟ್ ಟು ವಿಡ್ತ್' ಆರಿಸಿ. ಲಿಬ್ರೆಆಫೀಸ್‌ನಲ್ಲಾದರೆ 'ಫಾರ್ಮ್ಯಾಟ್' ಮೆನುವಿನ 'ಪ್ರಿಂಟ್ ರೇಂಜಸ್' ಹುಡುಕಿ.

ಅಂಗಡಿಗೆ ಪಿಡಿಎಫ್ ಒಯ್ಯಿರಿ

ಮನೆಯಲ್ಲಿ ಎಲ್ಲ ಸರಿ ಮಾಡಿಕೊಂಡು ಹೋದರೂ ಅಂಗಡಿಯ ಕಂಪ್ಯೂಟರಿನಲ್ಲಿ ಪುಟ ಬೇರೆ ಕಡೆ ಒಡೆಯಬಹುದು. ಪುಟ ಎಲ್ಲಿ ಒಡೆಯಬೇಕು ಅನ್ನುವುದರಲ್ಲಿ ಪ್ರಿಂಟರಿನ ಪಾಲೂ ಇರುತ್ತದೆ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರಂತೂ, ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಹೆಸರುಗಳ ಬದಲು ಏನೇನೋ ಇಂಗ್ಲಿಷ್ ಅಕ್ಷರ, ಚಿಹ್ನೆ ಬರುತ್ತವೆ. ಅದಕ್ಕೇ ಮನೆಯಲ್ಲೇ 'ಸೇವ್ ಆಸ್' ಕೊಟ್ಟು ಪಿಡಿಎಫ್ ಮಾಡಿ, ಒಮ್ಮೆ ತೆರೆದು ಕೊನೆಯ ಪುಟದವರೆಗೂ ನೋಡಿ. ಅಂಗಡಿಯಲ್ಲಿ ಹುಡುಗ ಎಂಟರ್ ಹೊಡೆಯುವ ಮೊದಲು ಎಷ್ಟು ಪುಟ ತೋರಿಸುತ್ತಿದೆ ಅಂತ ಕೇಳಿ.