ರಸ್ತೆಗೂ ಸೈ, ತಿರುವಿಗೂ ಸೈ: ಸಸ್ಪೆನ್ಷನ್ ಹದ ಮಾಡುವ ಕ್ರಮ

ಕಾರು ತಿರುವಿನಲ್ಲಿ ವಾಲುತ್ತದೆ ಎಂದ ಕೂಡಲೇ ಎಲ್ಲರ ಕಣ್ಣು ಮೊದಲು ಬೀಳುವುದು ಸ್ಪ್ರಿಂಗ್ ಮೇಲೆ. ಗಟ್ಟಿ ಸ್ಪ್ರಿಂಗ್ ಹಾಕಿಸಿ, ಕಾರನ್ನು ಒಂದಿಷ್ಟು ತಗ್ಗಿಸಿದರೆ ಮುಗಿಯಿತು ಎಂಬ ಲೆಕ್ಕಾಚಾರ. ನುಣುಪಾದ ರೇಸ್ ಟ್ರ್ಯಾಕಿನಲ್ಲಿ ಈ ಲೆಕ್ಕ ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ದಿನವೂ ಓಡಾಡುವ ರಸ್ತೆಯಲ್ಲಿ ತೇಪೆ, ಗುಂಡಿ, ಸೇತುವೆಯ ಕೀಲು, ಹಂಪು ಎಲ್ಲ ಇದ್ದೇ ಇರುತ್ತವೆ. ಅಲ್ಲಿ ಅತಿಯಾಗಿ ಗಟ್ಟಿ ಮಾಡಿದ ಕಾರಿನ ಟೈರು ನೆಲ ಬಿಟ್ಟು ಪುಟಿಯುತ್ತದೆ. ಪುಟಿದ ಆ ಕ್ಷಣದಲ್ಲಿ ಟೈರಿಗೆ ಕಾರನ್ನು ತಿರುಗಿಸುವ ಶಕ್ತಿಯೂ ಇಲ್ಲ, ನಿಲ್ಲಿಸುವ ಶಕ್ತಿಯೂ ಇಲ್ಲ. ದಿನಬಳಕೆಯ ಕಾರಿಗೆ ಬೇಕಾದದ್ದು ಅಗತ್ಯಕ್ಕೆ ತಕ್ಕಷ್ಟೇ ಗಟ್ಟಿ ಸ್ಪ್ರಿಂಗ್, ಅದನ್ನು ಸರಿಯಾಗಿ ಹತೋಟಿಯಲ್ಲಿಡುವ ಶಾಕ್ ಅಬ್ಸಾರ್ಬರ್.

ಮೊದಲು ಹಳೆಯದನ್ನು ಪರೀಕ್ಷಿಸಿ

ಹೊಸ ಭಾಗ ಕೊಳ್ಳುವ ಮುನ್ನ ಇರುವ ಭಾಗಗಳು ನೆಟ್ಟಗಿವೆಯೇ ನೋಡಿ. ಟೈರು ತಣ್ಣಗಿರುವಾಗ ಗಾಳಿಯ ಒತ್ತಡವನ್ನು ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಮಟ್ಟಕ್ಕೆ ತನ್ನಿ. ಕಾರನ್ನು ಜಾಕ್‌ನಲ್ಲಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿದ ನಂತರ ಚಕ್ರವನ್ನು ಮೇಲೆ–ಕೆಳಗೆ ಹಿಡಿದು ಅಲುಗಾಡಿಸಿ. ಕಟಕಟ ಎಂದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಸವೆದಿದೆ. ಲೋಯರ್ ಆರ್ಮ್‌ನ (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕೆಳತೋಳು) ಕೀಲಿನಲ್ಲಿರುವ ಬುಷ್‌ನ ರಬ್ಬರ್ ಸೀಳಿದೆಯೇ, ಶಾಕ್‌ನ ಮೈ ಎಣ್ಣೆಯಿಂದ ಒದ್ದೆಯಾಗಿದೆಯೇ ಗಮನಿಸಿ. ಬ್ರೇಕ್ ಹಾಕಿದಾಗ ಕಾರು ಅತ್ತಿತ್ತ ಎಳೆಯುವುದು, ಸ್ಟೀರಿಂಗ್ ಸಡಿಲ ಅನ್ನಿಸುವುದು ಬುಷ್ ದೋಷದಿಂದಲೂ ಆಗಬಹುದು. ಸವೆದ ಬುಷ್ ಮೇಲೆ ದುಬಾರಿ ಕಾಯ್ಲೋವರ್ (ಸ್ಪ್ರಿಂಗ್, ಶಾಕ್ ಎರಡೂ ಸೇರಿದ, ಎತ್ತರ ಹೊಂದಿಸಬಹುದಾದ ಜೋಡಣೆ) ಕೂರಿಸಿದರೆ ಹಣ ದಂಡ.

ಶಾಕ್‌ಗೆ ಎಷ್ಟು ಜಾಗ ಉಳಿದಿದೆ?

ಈ ಅಳತೆಗೆ ಬೇಕಾದದ್ದು ಒಂದು ಪ್ಲಾಸ್ಟಿಕ್ ಕೇಬಲ್ ಟೈ ಅಷ್ಟೆ. ಧೂಳಿನ ಕವಚ ಮೇಲಕ್ಕೆ ಸರಿಸಿ, ಶಾಕ್‌ನ ಹೊಳೆಯುವ ರಾಡ್‌ಗೆ ಟೈ ಸುತ್ತಿ, ಬೆರಳಿನಿಂದ ತಳ್ಳಿದರೆ ಜಾರುವಷ್ಟು ಮಾತ್ರ ಬಿಗಿ ಮಾಡಿ, ಶಾಕ್‌ನ ಮೈಗೆ ತಾಗುವಂತೆ ಕೆಳಗೆ ಇಳಿಸಿಬಿಡಿ. ಎಂದಿನ ದಾರಿಯಲ್ಲಿ, ಎಂದಿನ ಜನ–ಸಾಮಾನಿನೊಂದಿಗೆ ಓಡಿಸಿ ಬನ್ನಿ. ರಾಡ್ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದನ್ನು ಟೈ ನಿಂತ ಜಾಗವೇ ತೋರಿಸುತ್ತದೆ.

ಟೈ ಬಂಪ್ ಸ್ಟಾಪ್‌ವರೆಗೂ (ಶಾಕ್ ಕುಗ್ಗುವ ಕೊನೆಯಲ್ಲಿ ಅದನ್ನು ತಡೆಯುವ ರಬ್ಬರ್ ತುಂಡು) ಹೋಗಿ ನಿಂತಿದ್ದರೆ ಕಾರನ್ನು ತಗ್ಗಿಸುವ ಯೋಚನೆ ಬಿಡಿ. ಬಂಪ್ ಸ್ಟಾಪ್ ಒಂದು ಸಣ್ಣ, ಬಹಳ ಗಟ್ಟಿಯಾದ ಸ್ಪ್ರಿಂಗ್‌ನಂತೆ ವರ್ತಿಸುತ್ತದೆ. ತಿರುವಿನ ನಡುವೆ ಮುಂದಿನ ಶಾಕ್ ಅದಕ್ಕೆ ಬಡಿದರೆ ಮೂತಿ ಥಟ್ಟನೆ ಹೊರಕ್ಕೆ ಜಾರುತ್ತದೆ. ಹಿಂದಿನದು ಬಡಿದರೆ ಬಾಲ ಜಾರುತ್ತದೆ. ‘ಈ ಕಾರು ಹೇಳದೆ ಕೇಳದೆ ಹಿಡಿತ ಬಿಡುತ್ತದೆ’ ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಇದೇ.

ತಗ್ಗಿಸಲೇಬೇಕೆಂದರೆ 20ರಿಂದ 25 ಮಿ.ಮೀ. ಸಾಕು. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಂದೇ ಕಂಬದಲ್ಲಿರುವ ಜೋಡಣೆ) ಇರುವ ಕಾರಿನಲ್ಲಿ ಅದಕ್ಕಿಂತ ಕೆಳಗಿಳಿದರೆ ಲೋಯರ್ ಆರ್ಮ್ ಚಕ್ರದ ಕಡೆಗೆ ಮೇಲ್ಮುಖವಾಗುತ್ತದೆ. ಆಗ ಕಾರಿನ ತೂಕದ ಕೇಂದ್ರ ಇಳಿದದ್ದಕ್ಕಿಂತ ಹೆಚ್ಚಾಗಿ ರೋಲ್ ಸೆಂಟರ್ (ಕಾರು ವಾಲುವಾಗ ತಿರುಗುವ ಕೇಂದ್ರಬಿಂದು) ಇಳಿದು, ಎರಡರ ನಡುವಿನ ಅಂತರ ಹೆಚ್ಚುತ್ತದೆ. ನೋಡಲು ತಗ್ಗಾದ ಕಾರು ವಾಲುವುದು ಮಾತ್ರ ಹೆಚ್ಚಾಗುವುದು ಹೀಗೆ. ಎತ್ತರವನ್ನು ನೆಲದಿಂದ ಅಳೆಯಬೇಡಿ; ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಅಳೆಯಿರಿ. ಟೈರಿನ ಗಾಳಿ ಹೆಚ್ಚು ಕಡಿಮೆಯಾದರೂ ಆ ಅಳತೆ ಬದಲಾಗದು.

ಸ್ಪ್ರಿಂಗ್ ಲೆಕ್ಕ

ಡಬ್ಬದ ಮೇಲೆ ಬರೆದಿರುವ ಗಡಸುತನ ಹಾಗೇ ಚಕ್ರಕ್ಕೆ ತಲುಪುವುದಿಲ್ಲ. ಚಕ್ರ 10 ಮಿ.ಮೀ. ಏರಿದಾಗ ಸ್ಪ್ರಿಂಗ್ 7 ಮಿ.ಮೀ. ಕುಗ್ಗಿದರೆ ಅನುಪಾತ 0.7, ಅದರ ವರ್ಗ 0.49. ಹಾಗಾಗಿ ಪ್ರತಿ ಮಿ.ಮೀ.ಗೆ 60 ನ್ಯೂಟನ್‌ನ ಸ್ಪ್ರಿಂಗ್ ಚಕ್ರದ ಬಳಿ ಸುಮಾರು 29 ನ್ಯೂಟನ್‌ನಷ್ಟೇ ಕೆಲಸ ಮಾಡುತ್ತದೆ. ಸ್ಟ್ರಟ್‌ನಲ್ಲಿ ಈ ಅನುಪಾತ 1ರ ಹತ್ತಿರ ಇರುತ್ತದೆ. ಬೇರೆ ಮಾದರಿಯ ಕಾರಿನವರು ಹೇಳಿದ ಸ್ಪ್ರಿಂಗ್ ಸಂಖ್ಯೆ ನಿಮ್ಮ ಕಾರಿಗೆ ಹೊಂದದಿರುವುದು ಇದಕ್ಕೇ.

ಹೋಲಿಕೆಗೆ ಸರಿಯಾದ ಅಳತೆಗೋಲು ಕಂಪನದ ವೇಗ, ಅಂದರೆ ಹರ್ಟ್ಸ್ (ಕಾರು ಸೆಕೆಂಡಿಗೆ ಎಷ್ಟು ಸಲ ಮೇಲೆ–ಕೆಳಗೆ ಆಡುತ್ತದೆ ಎಂಬ ಲೆಕ್ಕ). ಸಾಧಾರಣ ಕುಟುಂಬದ ಕಾರು 1ರಿಂದ 1.3 ಹರ್ಟ್ಸ್‌ನಲ್ಲಿ ಆಡುತ್ತದೆ. ದಿನಬಳಕೆಯ ಸ್ಪೋರ್ಟ್ಸ್ ಕಾರಿಗೆ 1.4ರಿಂದ 1.7 ಹಿತ. 2 ದಾಟಿದರೆ ಅದು ಟ್ರ್ಯಾಕ್ ಕಾರಿನ ಸೆಟಪ್. ಒಂದು ಮೂಲೆಯಲ್ಲಿ ಸ್ಪ್ರಿಂಗ್ ಮೇಲೆ ಕೂತಿರುವ ತೂಕ 350 ಕೆ.ಜಿ. ಎಂದುಕೊಳ್ಳಿ. ಚಕ್ರದ ಬಳಿ 22 ನ್ಯೂಟನ್/ಮಿ.ಮೀ. ಇದ್ದರೆ ಸುಮಾರು 1.26 ಹರ್ಟ್ಸ್, 30 ಇದ್ದರೆ 1.47, 60 ಇದ್ದರೆ 2.08. ಗಡಸುತನದ 1,000 ಪಟ್ಟನ್ನು ತೂಕದಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿದರೆ ಈ ಸಂಖ್ಯೆ ಸಿಗುತ್ತದೆ. ಹಿಂದಿನ ಹರ್ಟ್ಸ್ ಮುಂದಿನದಕ್ಕಿಂತ ಸುಮಾರು 10% ಹೆಚ್ಚಿರಲಿ. ಉಬ್ಬಿಗೆ ಮೊದಲು ಏರುವುದು ಮುಂದಿನ ಚಕ್ರ; ತಡವಾಗಿ ಏರಿದ ಹಿಂಭಾಗ ತುಸು ಬೇಗ ಆಡಿದರೆ ಮುಂದಿನದರ ಜೊತೆಗೆ ಬಂದು ಕೂಡುತ್ತದೆ, ಕಾರು ಹಿಂದೆ ಮುಂದೆ ತೂಗುವುದಿಲ್ಲ.

ಸ್ಪ್ರಿಂಗ್‌ನ ಸುರುಳಿ ಕತ್ತರಿಸಿ ತಗ್ಗಿಸುವ ಕೆಲಸಕ್ಕೆ ಯಾವತ್ತೂ ಕೈ ಹಾಕಬೇಡಿ. ಚಕ್ರ ಪೂರ್ತಿ ಇಳಿಬಿದ್ದಾಗ ಸ್ಪ್ರಿಂಗ್ ತನ್ನ ಬಟ್ಟಲಿನಿಂದ ಕಳಚಿಕೊಳ್ಳಬಹುದು.

ಹದ ಇರುವುದೇ ಶಾಕ್‌ನಲ್ಲಿ

ಸ್ಪ್ರಿಂಗ್ 40% ಗಟ್ಟಿಯಾಗಿ ಶಾಕ್ ಹಳೆಯದೇ ಉಳಿದರೆ ಅದರ ಹತೋಟಿ ಸುಮಾರು 15% ಕುಗ್ಗುತ್ತದೆ. ಕಾರು ಉಬ್ಬು ದಾಟಿದ ಮೇಲೂ ಎರಡು ಮೂರು ಸಲ ಕುಣಿಯುತ್ತದೆ. ಇದನ್ನೇ ‘ಗಟ್ಟಿ ಸ್ಪ್ರಿಂಗ್ ಅಂದ್ರೆ ಹೀಗೇ’ ಎಂದು ಸಹಿಸಿಕೊಳ್ಳುವವರು ಬಹಳ ಮಂದಿ. ಸಹಿಸುವ ಅಗತ್ಯವೇ ಇಲ್ಲ. ಸ್ಪ್ರಿಂಗ್‌ಗೆ ಹೊಂದುವ ಶಾಕ್ ಅನ್ನು ಜೊತೆಯಲ್ಲೇ ಹಾಕಿ.

ಹೊಂದಿಸಬಹುದಾದ ಶಾಕ್ ಇದ್ದರೆ ಕ್ರಮ ಹೀಗೆ. ಮೊದಲು ಗುಬ್ಬಿಯನ್ನು ಬಿಗಿ ತುದಿಗೆ ಮೆಲ್ಲಗೆ ತಿರುಗಿಸಿ (ಒತ್ತಿ ತಿರುಗಿಸಿದರೆ ಒಳಗಿನ ಸೂಜಿ ಹಾಳಾದೀತು), ಅಲ್ಲಿಂದ ಮೆತ್ತಗಿನ ತುದಿಯವರೆಗೆ ಎಷ್ಟು ಕ್ಲಿಕ್ ಎಂದು ಎಣಿಸಿ ಬರೆದಿಡಿ. ಎಲ್ಲವನ್ನೂ ಮೆತ್ತಗಿನ ತುದಿಯಲ್ಲಿಟ್ಟು ಚಿರಪರಿಚಿತ, ಅಲೆಯಲೆಯಾದ ರಸ್ತೆಯಲ್ಲಿ ಓಡಿಸಿ. ಪ್ರತಿ ಸುತ್ತಿಗೂ ರಿಬೌಂಡ್ (ಕುಗ್ಗಿದ ಶಾಕ್ ಮತ್ತೆ ಚಾಚುವಾಗಿನ ತಡೆ) ಅನ್ನು ಎರಡು ಕ್ಲಿಕ್ ಏರಿಸುತ್ತಾ ಹೋಗಿ, ಎಡ–ಬಲ ಯಾವಾಗಲೂ ಸಮ. ಉಬ್ಬು ದಾಟಿದ ಕಾರು ಒಂದೇ ಏಟಿಗೆ ಬಂದು ಕೂತರೆ ಅಲ್ಲಿಗೆ ನಿಲ್ಲಿಸಿ. ಅದನ್ನೂ ಮೀರಿಸಿದರೆ ಸಾಲು ಸಾಲು ಉಬ್ಬುಗಳ ಮೇಲೆ ಚಕ್ರಕ್ಕೆ ಪೂರ್ತಿ ಕೆಳಗಿಳಿಯಲು ಸಮಯ ಸಿಗುವುದಿಲ್ಲ. ಕಾರು ಉಬ್ಬಿನಿಂದುಬ್ಬಿಗೆ ಕುಸಿಯುತ್ತಾ ಕೊನೆಗೆ ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ಸವಾರನಿಗೆ ಇದು ‘ಸ್ಪ್ರಿಂಗ್ ಗಟ್ಟಿ’ ಅನ್ನಿಸುತ್ತದೆ, ಆದರೆ ತಪ್ಪು ರಿಬೌಂಡ್‌ನದು. ಕಂಪ್ರೆಷನ್‌ಗೆ (ಶಾಕ್ ಕುಗ್ಗುವಾಗಿನ ತಡೆ) ಬೇರೆ ಗುಬ್ಬಿ ಇದ್ದರೆ ಅದನ್ನು ಮೆತ್ತಗೇ ಬಿಡಿ. ಸೇತುವೆಯ ಕೀಲುಗಳ ಮೇಲೆ ಢಬ್ ಎಂದು ಬಡಿಯುವುದು ಹೆಚ್ಚಾಗಿ ಅದರಿಂದಲೇ.

ಕಾಯ್ಲೋವರ್‌ನಲ್ಲಿ ಸ್ಪ್ರಿಂಗ್ ಕೆಳಗಿನ ಬಳೆ ಬಿಗಿದು ಪ್ರಿಲೋಡ್ (ಸ್ಪ್ರಿಂಗ್ ಅನ್ನು ಮೊದಲೇ ಒತ್ತಿಟ್ಟ ಬಲ) ಏರಿಸಿದರೆ ಸಾಮಾನ್ಯ ಸ್ಪ್ರಿಂಗ್‌ನ ಗಡಸುತನ ಹೆಚ್ಚುವುದಿಲ್ಲ. ಚಕ್ರ ಕೆಳಗಿಳಿಯಲು ಇರುವ ಜಾಗ ಕಡಿಮೆಯಾಗುತ್ತದೆ, ಅಷ್ಟೆ. ಎತ್ತರವನ್ನು ಪ್ರತ್ಯೇಕವಾಗಿ ಹೊಂದಿಸುವ ಸೌಲಭ್ಯವಿದ್ದರೆ ಅದನ್ನೇ ಬಳಸಿ.

ಇನ್ನೂ ವಾಲುತ್ತಿದ್ದರೆ ಆ್ಯಂಟಿ ರೋಲ್ ಬಾರ್

ಎಡ–ಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಅಡ್ಡಸರಳು ಇದು. ಬಾರ್‌ನ ಗಡಸುತನ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ. 20 ಮಿ.ಮೀ. ಬದಲು 22 ಹಾಕಿದರೆ ಸಾಕು, 46% ಹೆಚ್ಚು ಗಟ್ಟಿ. ಕಾರು ತಿರುವಿನಲ್ಲಿ ಮೂತಿ ಹೊರಕ್ಕೆ ದೂಡುತ್ತಿದ್ದರೆ ಹಿಂದಿನ ಬಾರ್ ದಪ್ಪ ಮಾಡಿ. ಬಾಲ ಚಂಚಲವಾಗಿದ್ದರೆ ಮುಂದಿನದನ್ನು. ಒಂದೇ ಸಲ ಎರಡನ್ನೂ ಬದಲಿಸಬೇಡಿ. ಅತಿ ದಪ್ಪ ಬಾರ್ ಒಂದು ಚಕ್ರಕ್ಕೆ ಬಿದ್ದ ಪೆಟ್ಟನ್ನು ಆಚೆ ಚಕ್ರಕ್ಕೂ ದಾಟಿಸುತ್ತದೆ, ಒಂದೊಂದೇ ಗುಂಡಿಯ ರಸ್ತೆಯಲ್ಲಿ ತಲೆ ಎಡಬಲಕ್ಕೆ ತೂಗುವಂತೆ ಮಾಡುತ್ತದೆ.

ಬಿಗಿಯುವಾಗ ಗಮನಿಸಿ

ರಬ್ಬರ್ ಬುಷ್‌ಗಳ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಕೊನೆಯ ಬಿಗಿ ಕೊಡಬೇಡಿ. ಆರ್ಮ್ ಕಾರು ನಿಂತ ಮಟ್ಟಕ್ಕೆ ಬರುವಷ್ಟು ಜಾಕ್‌ನಿಂದ ಎತ್ತಿ, ನಂತರ ಟಾರ್ಕ್ ರೆಂಚ್‌ನಿಂದ ಕೈಪಿಡಿಯ ಅಳತೆಗೆ ಬಿಗಿಯಿರಿ. ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕೊನೆಗೆ ವೀಲ್ ಅಲೈನ್‌ಮೆಂಟ್. ಟ್ಯಾಂಕ್ ಅರ್ಧ ತುಂಬಿರಲಿ, ಚಾಲಕನ ಸೀಟಿನಲ್ಲಿ ಅವರಷ್ಟೇ ತೂಕವಿರಲಿ. ಮುಂದೆ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ವಾಲು; ಮೈನಸ್ ಎಂದರೆ ಚಕ್ರದ ತಲೆ ಒಳಕ್ಕೆ) ಮೈನಸ್ 1ರಿಂದ 1.5 ಡಿಗ್ರಿ, ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವ ಪ್ರಮಾಣ) ಸೊನ್ನೆ ಅಥವಾ ಒಟ್ಟು 1 ಮಿ.ಮೀ. ಒಳಮುಖ, ಹಿಂದೆ ತುಸು ಒಳಮುಖ ಟೋ ಇರಲೇಬೇಕು, ಹೊರಮುಖವಾದರೆ ಬ್ರೇಕ್ ಹಾಕಿದಾಗ ಬಾಲ ನಿಲ್ಲುವುದಿಲ್ಲ. ಟೈರಿನ ಒಳ ಅಂಚು ಬೇಗ ಸವೆದರೆ ಕ್ಯಾಂಬರನ್ನು ದೂರುವ ಮುನ್ನ ಟೋ ನೋಡಿ. ಎತ್ತರ ಬದಲಾಗಿದ್ದರೆ ಹೆಡ್‌ಲೈಟ್‌ನ ಕೋನ, ಚಾಲಕನಿಗೆ ನೆರವಾಗುವ ಕ್ಯಾಮೆರಾ ಇದ್ದರೆ ಅದರ ಮರುಹೊಂದಿಕೆ ಎರಡನ್ನೂ ಮಾಡಿಸಿ. 500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟ್‌ಗಳ ಬಿಗಿಯನ್ನು, ನಾಲ್ಕೂ ಮೂಲೆಗಳ ಎತ್ತರವನ್ನು ಮತ್ತೆ ಅಳೆಯಿರಿ. ಹೊಸ ಸ್ಪ್ರಿಂಗ್ ಕುಳಿತು ಎತ್ತರ ಕೆಲವು ಮಿ.ಮೀ. ಇಳಿದಿದ್ದರೆ ಟೋ ಅನ್ನು ಇನ್ನೊಮ್ಮೆ ಸರಿಪಡಿಸಬೇಕಾಗುತ್ತದೆ.